ಪುಡಿಯೇ? ಬೀಜವೇ? — ಹೊರನಾಡ ಕನ್ನಡಿಗರ ಕಾಫಿಯ ವಿಚಾರ

ಬೇಸಗೆಯ ರಜೆಯನ್ನು ಊರಿನಲ್ಲಿ ಕಳೆದು ಜೂನ್ ತಿಂಗಳ ಆರಂಭದಲ್ಲಿ ಅಹಮದಾಬಾದಿಗೆ ಹಿಂದಿರುಗುವ ಕನ್ನಡ ಕುಟುಂಬಗಳ ಗಂಟುಮೂಟೆಗಳಲ್ಲಿ ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿಗಳ ಜತೆಗೆ ಎರಡು ಮೂರು ಕಿಲೋ ಕಾಫಿಪುಡಿಯೂ ಇರುವುದು ವಾಡಿಕೆ. ಮೈಸೂರಿನಿಂದ ಹೊರಟ ಅಜ್ಮೀರ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್, ವಡೋದರಾಗಳನ್ನು ಹಾದು ಅಹಮದಾಬಾದನ್ನು ಮುಟ್ಟುವವರೆಗೂ ಆ ಚೀಲದ ಪರಿಮಳ ಬೋಗಿಯಲ್ಲಿ ಹರಡಿರುತ್ತದೆ. ಸಹಪ್ರಯಾಣಿಕರು ಅದನ್ನು ಮೆಚ್ಚಿಕೊಳ್ಳುವುದೂ ಉಂಟು. ಆದರೆ ಪರಿಮಳವು ದಾರಿಯುದ್ದಕ್ಕೂ ಹೀಗೆ ಹೊರಬೀಳುತ್ತಿದೆಯೆಂದರೆ, ಪುಡಿಯಲ್ಲಿ ಅದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿದೆ ಎಂದೇ ಅರ್ಥ. ಬೋಡಕ್‌ದೇವ್‌ನ ಬಹುಮಹಡಿ ಕಟ್ಟಡದ ಅಡಿಗೆಮನೆಯಲ್ಲಿ ಮೊದಲ ವಾರ ಊರಿನ ಕಾಫಿಯೆನಿಸಿದ್ದು ಮೂರನೆಯ ವಾರಕ್ಕೆ ಬರಿಯ ಕಹಿಯಾಗುತ್ತದೆ. ಶ್ರಾವಣ ಬರುವ ಹೊತ್ತಿಗೆ ಡಬ್ಬದ ತಳ ಕಾಣಿಸಿ, ಮನೆಯವರು ಅಂಗಡಿಯ ಇನ್‌ಸ್ಟೆಂಟ್ ಕಾಫಿಗೋ ಅರ್ಧಭಾಗ ಚಿಕೋರಿ ತುಂಬಿದ ಪೊಟ್ಟಣಕ್ಕೋ ಶರಣಾಗುತ್ತಾರೆ.

ಈ ಪರಿಸ್ಥಿತಿ ಅನಿವಾರ್ಯವೆಂದು ತಿಳಿಯುವುದು ಸರಿಯಲ್ಲ. ಊರಿನಿಂದ ತರಬೇಕಾದದ್ದು ಪುಡಿಯಲ್ಲ, ಹುರಿಯದ ಹಸಿ ಬೀಜ. ಅದನ್ನು ಆಯ್ದು ಕೊಂಡು, ವಾರಕ್ಕೊಮ್ಮೆ ಬೇಕಾದಷ್ಟನ್ನು ಮನೆಯಲ್ಲೇ ಹುರಿದು ಪುಡಿಮಾಡಿಕೊಳ್ಳುವ ಪದ್ಧತಿಯು ಕರ್ನಾಟಕದಿಂದ ದೂರವಿರುವ ಸಂಸಾರಗಳಿಗೆ ರುಚಿಯ ದೃಷ್ಟಿಯಿಂದಲೂ ಮಿತವ್ಯಯದ ದೃಷ್ಟಿಯಿಂದಲೂ ಹೆಚ್ಚು ಹೊಂದುತ್ತದೆ. ಆರೋಗ್ಯದ ವಿಷಯದಲ್ಲಿ ಅದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನೂ ಇಲ್ಲಿ ವಿವೇಚಿಸಬೇಕಾಗಿದೆ.

ಮರೆತ ಪದ್ಧತಿ

ಮನೆಯಲ್ಲಿ ಕಾಫಿಬೀಜ ಹುರಿಯುವುದು ಹೊಸ ಶೋಕಿಯೇನೂ ಅಲ್ಲ. ಯೆಮೆನ್ ದೇಶದ ಮೋಖಾ ಬಂದರಿನಿಂದ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು 17ನೆಯ ಶತಮಾನದ ಐತಿಹ್ಯ. ಬಂದವು ಹಸಿ ಬೀಜಗಳಾದ್ದರಿಂದಲೇ ಮೊಳೆತವು. ಹುರಿದವಾಗಿದ್ದರೆ ಇಂದು ಮಲೆನಾಡಿನಲ್ಲಿ ಕಾಫಿತೋಟಗಳೇ ಇರುತ್ತಿರಲಿಲ್ಲ. ಮುಂದೆ ಕಾಫಿಯು ಮನೆಮನೆಯ ಪಾನೀಯವಾದಾಗ ಬೆಂಗಳೂರು, ಮೈಸೂರು, ಹಾಸನಗಳ ಎಷ್ಟೋ ಮನೆಗಳಲ್ಲಿ ಬೀಜವನ್ನು ಸೇರಿನ ಲೆಕ್ಕದಲ್ಲಿ ತಂದಿಟ್ಟುಕೊಂಡು, ಇದ್ದಿಲ ಒಲೆಯ ಮೇಲೆ ಬಾಣಲೆಯಲ್ಲೋ ಹಿಡಿ ತಿರುಗಿಸುವ ಉರುಳೆ ಡಬ್ಬದಲ್ಲೋ ಹುರಿಯುತ್ತಿದ್ದರು. ಮೇಜಿನ ಅಂಚಿಗೆ ಬಿಗಿದ ಕೈಮಿಷನ್ನಿನಲ್ಲಿ ಬೀಜ ಅರೆಯುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಬೀದಿಯ ಮೂಲೆಯಲ್ಲಿಯೇ ಹುರಿದು ಪುಡಿಮಾಡಿಕೊಡುವ ಅಂಗಡಿಗಳು ಬಂದ ಮೇಲೆ ಈ ಶ್ರಮ ಅನಗತ್ಯವೆನಿಸಿತು. ಬೇಕೆಂದಾಗ ಕಾಲು ಕಿಲೋ ಬಿಸಿ ಪುಡಿ ಕೈಗೆ ಸಿಕ್ಕುವ ಊರಿನಲ್ಲಿ ಅದು ಸಹಜವೇ. ಆದರೆ ಅಂಥ ಅಂಗಡಿಯಿಂದ ಸಾವಿರಾರು ಕಿಲೋಮೀಟರು ದೂರ ನೆಲಸಿದವರು ಆ ಅನುಕೂಲವನ್ನು ಕಳೆದುಕೊಂಡರೂ ಹಳೆಯ ಪದ್ಧತಿಗೆ ಹಿಂದಿರುಗಲಿಲ್ಲ. ತಪ್ಪಿರುವುದು ಇಲ್ಲಿ.

ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹಸಿ ಬೀಜವು ತೇವ ಮತ್ತು ಬಿಸಿಲಿನಿಂದ ರಕ್ಷಿತವಾಗಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಗುಣ ಕೆಡದೆ ಉಳಿಯುತ್ತದೆ. ಹುರಿದ ಇಡೀ ಬೀಜದ ಪರಿಮಳ ಮೂರು ನಾಲ್ಕು ವಾರ ನಿಂತೀತು. ಪುಡಿಯಾದ ಮೇಲೆ ಗಾಳಿ ತಾಗುವ ಮೈ ಅಗಾಧವಾಗಿ ಹೆಚ್ಚುವುದರಿಂದ ಕೆಲವು ದಿನಗಳಲ್ಲೇ ಅದರ ಸಾರ ಇಳಿಯತೊಡಗುತ್ತದೆ. ದೂರದೂರಿಗೆ ಸಾಗಿಸುವವರು ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಹಸಿ ಬೀಜ ಕೊಳ್ಳಲು ಹೊರಟವರು ಮೊದಲು ಪೇಟೆಯ ಭಾಷೆಯನ್ನು ಸ್ವಲ್ಪ ಅರಿತಿರಬೇಕು. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎಂದು ಎರಡು ಮುಖ್ಯ ಜಾತಿಗಳು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾಕ್ಕೆ ಪೇಟೆಯಲ್ಲಿ ಪ್ಲಾಂಟೇಶನ್ ಎಂದೂ, ಅದೇ ರೀತಿ ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್ ಎಂದೂ ಹೆಸರು. ಹಣ್ಣನ್ನು ಹಾಗೆಯೇ ಬಿಸಿಲಿನಲ್ಲಿ ಒಣಗಿಸಿ ಸಿಪ್ಪೆ ಬಿಡಿಸಿದರೆ ಅದು ಯಾವ ಜಾತಿಯದಾದರೂ ಚೆರಿ ಎನಿಸಿಕೊಳ್ಳುತ್ತದೆ. ತೊಳೆದ ಅರೇಬಿಕಾದಲ್ಲಿ ನವುರಾದ ಹುಳಿಯೂ ಪರಿಮಳವೂ ಹೆಚ್ಚು. ರೋಬಸ್ಟಾ ಗಡುಸು, ಹಾಲಿಗೆ ಬಗ್ಗದು. ಫಿಲ್ಟರ್ ಕಾಫಿಗೆ ಮೂರು ಪಾಲು ಅರೇಬಿಕಾಕ್ಕೆ ಒಂದು ಪಾಲು ಒಳ್ಳೆಯ ರೋಬಸ್ಟಾ ಸೇರಿಸಿದರೆ ಡಿಕಾಕ್ಷನ್ನಿಗೆ ಬೇಕಾದ ಗಟ್ಟಿತನ ಚಿಕೋರಿಯ ಸಹಾಯವಿಲ್ಲದೆಯೇ ಬರುತ್ತದೆ.

ಎರಡನೆಯದಾಗಿ, ಎಎ, ಎ, ಬಿ ಎಂಬ ಅಕ್ಷರಗಳು ಗುಣದ ಅಂಕಗಳೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅವು ಪ್ರಧಾನವಾಗಿ ಜರಡಿಯ ಕಣ್ಣಿನ ಅಳತೆಗಳು, ಎಂದರೆ ಬೀಜದ ಗಾತ್ರವನ್ನು ಹೇಳುವಂಥವು. ದೊಡ್ಡ ಬೀಜವೆಲ್ಲ ಒಳ್ಳೆಯ ಬೀಜವಲ್ಲ. ಬಾಣಲೆಯಲ್ಲಿ ಹುರಿಯುವವರಿಗೆ ದೊಡ್ಡ ಗಾತ್ರಕ್ಕಿಂತ ಸಮಗಾತ್ರ ಮುಖ್ಯ. ಸಣ್ಣದೂ ದೊಡ್ಡದೂ ಬೆರೆತಿದ್ದರೆ ಒಂದು ಕರಿಯಾಗುವಷ್ಟರಲ್ಲಿ ಇನ್ನೊಂದು ಬೆಂದಿರುವುದಿಲ್ಲ. ಹಿರಿಯರು ಅಭಿಮಾನದಿಂದ ಹೇಳುವ ಪೀಬೆರಿಯೆಂದರೆ, ಎರಡು ಹೋಳಿರಬೇಕಾದ ಹಣ್ಣಿನಲ್ಲಿ ಒಂದೇ ಬೆಳೆದು ಗುಂಡಗಾದ ಬೀಜ. ಅದು ಬಾಣಲೆಯಲ್ಲಿ ಸುಲಭವಾಗಿ ಉರುಳಿ ಸಮನಾಗಿ ಹುರಿಯುತ್ತದೆ ಎಂಬುದು ನಿಜ. ಅದರ ರುಚಿ ಮಾತ್ರ ಬೆಳೆದ ತೋಟವನ್ನೂ ಆ ವರ್ಷದ ಫಸಲನ್ನೂ ಅವಲಂಬಿಸಿರುತ್ತದೆ.

ಮೂರನೆಯದಾಗಿ ಕಣ್ಣು, ಮೂಗುಗಳ ಪರೀಕ್ಷೆ. ತೊಳೆದ ಹೊಸ ಬೀಜ ತಿಳಿ ಹಸಿರು ಅಥವಾ ನೀಲಿಮಿಶ್ರಿತ ಹಸಿರಾಗಿದ್ದು, ಹುಲ್ಲಿನಂಥ ಶುದ್ಧ ವಾಸನೆ ಬರುತ್ತದೆ. ಬಿಳಿಚಿಕೊಂಡು ಹಗುರವಾಗಿದ್ದರೆ ಅದು ಹಳೆಯ ದಾಸ್ತಾನು. ಕರಿಯ ಬೀಜ, ಒಡೆದ ಚೂರು, ಸೂಜಿ ಚುಚ್ಚಿದಂಥ ತೂತಿರುವ ಬೀಜ ಇವು ಹೆಚ್ಚಾಗಿದ್ದರೆ ಕೊಳ್ಳಬಾರದು. ಆ ತೂತು ಕಾಯಿಕೊರಕ ಹುಳುವಿನ ಗುರುತು. ಮುಗ್ಗಲು ವಾಸನೆ ಬಂದರಂತೂ ಬೆಲೆ ಎಷ್ಟೇ ಅಗ್ಗವಾಗಿರಲಿ, ಬಿಟ್ಟುಬಿಡಬೇಕು. ಬೂಷ್ಟು ಹಿಡಿದ ಬೀಜದಲ್ಲಿ ಹುಟ್ಟುವ ಆಕ್ರಟಾಕ್ಸಿನ್ ಎಂಬ ವಿಷವು ಮೂತ್ರಪಿಂಡಕ್ಕೆ ಹಾನಿಕರವಾದುದು. ಹುರಿದರೆ ಅದು ಪೂರ್ತಿಯಾಗಿ ನಾಶವಾಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ನಾಲ್ಕನೆಯದು ಕಾಲ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅದರ ಬೆನ್ನಿಗೇ ಫೆಬ್ರವರಿ, ಮಾರ್ಚ್‌ವರೆಗೆ ನಡೆಯುತ್ತದೆ. ಒಣಗಿದ ಬೆಳೆಯು ಚಿಕ್ಕಮಗಳೂರು, ಹಾಸನ, ಹುಣಸೂರು, ಕುಶಾಲನಗರ, ಮಂಗಳೂರುಗಳ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ಬಿಡಿಸಿಕೊಂಡು, ಜರಡಿಯಾಗಿ ಹೊರಬರುವುದು ವಸಂತಕಾಲಕ್ಕೆ. ಆದ್ದರಿಂದ ಹೊಸ ಬೀಜ ಕೊಳ್ಳಲು ಮಾರ್ಚ್‌ನಿಂದ ಮೇ ಪ್ರಶಸ್ತ; ಊರಿಗೆ ಹೋಗುವ ರಜೆಯೂ ಅದೇ ಕಾಲಕ್ಕೆ ಬರುತ್ತದೆ. ಮಾರುವವರನ್ನು ಯಾವ ವರ್ಷದ ಫಸಲು, ಯಾವ ಸೀಮೆಯದು, ತೊಳೆದದ್ದೋ ಚೆರಿಯೋ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆ ಹೆಸರುಗಳನ್ನು ಹೇಳಿಕೊಂಡು ಮಾರುವವರು ಬೀಜದ ಮೂಲವನ್ನು ತಿಳಿಸಬೇಕೆಂದು ನಿರೀಕ್ಷಿಸುವುದು ಗ್ರಾಹಕನ ಹಕ್ಕು.

ಗುಜರಾತಿನ ಹವೆಯೂ ಬೀಜವೂ

ಬೀಜವನ್ನು ಇಡುವ ಕ್ರಮವು ಊರಿನ ಹವೆಯನ್ನು ಅನುಸರಿಸಬೇಕು. ಒಳ್ಳೆಯ ಹಸಿ ಬೀಜದಲ್ಲಿ ನೂರಕ್ಕೆ 10ರಿಂದ 12ರಷ್ಟು ತೇವವಿರುತ್ತದೆ. ಅಹಮದಾಬಾದಿನ ಮೇ ತಿಂಗಳ ಒಣ ಗಾಳಿ ಅದನ್ನು ಹೀರಿ ಬೀಜವನ್ನು ಕಡ್ಡಿಯಂತೆ ಮಾಡುತ್ತದೆ. ಸಮುದ್ರಕ್ಕೆ ಸಮೀಪದ ಸೂರತ್ತಿನ ಮಳೆಗಾಲವಾದರೋ ಇದಕ್ಕೆ ವಿರುದ್ಧವಾಗಿ ತೇವವನ್ನು ತುಂಬಿ ಬೂಷ್ಟಿಗೆ ದಾರಿಮಾಡುತ್ತದೆ. ಗೋಣಿಚೀಲದಲ್ಲಿ ತೆರೆದಿಡುವ ಮಲೆನಾಡಿನ ಅಭ್ಯಾಸ ಇಲ್ಲಿ ಎರಡು ಕಾಲಕ್ಕೂ ಒಗ್ಗದು. ಬಿಗಿಯಾದ ಮುಚ್ಚಳವಿರುವ ಸ್ಟೀಲ್ ಡಬ್ಬದಲ್ಲಿ ತುಂಬಿ, ಒಲೆಯಿಂದಲೂ ಪಶ್ಚಿಮದ ಗೋಡೆಯಿಂದಲೂ ದೂರವಾದ ಕಪಾಟಿನ ಕೆಳಗಿನ ಅರೆಯಲ್ಲಿಡುವುದು ಲೇಸು. ಸೂರತ್ತಿನವರು ಮಳೆಗಾಲಕ್ಕೆ ಎರಡು ತಿಂಗಳಿಗಿಂತ ಹೆಚ್ಚಿನ ದಾಸ್ತಾನು ಇಟ್ಟುಕೊಳ್ಳದಿರುವುದು ಕ್ಷೇಮ.

ಹುರಿಯುವ ಬಗೆ

ಹುರಿಯುವುದಕ್ಕೆ ವಿಶೇಷ ಯಂತ್ರವೇನೂ ಬೇಡ. ದಪ್ಪ ತಳದ ಕಬ್ಬಿಣದ ಬಾಣಲೆಯೂ ಉದ್ದ ಹಿಡಿಯ ಮರದ ಸೌಟೂ ಸಾಕು. ಅಂಟದ ಲೇಪವಿರುವ ಪಾತ್ರೆಯನ್ನು ಮಾತ್ರ ಬಳಸಕೂಡದು. ಆ ಲೇಪವು ಅತಿಯಾಗಿ ಕಾದಾಗ ಹಾನಿಕರವಾದ ಅನಿಲವನ್ನು ಬಿಡುತ್ತದೆ. ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ಹಾಕದೆ, ನಡುವಣ ಉರಿಯಲ್ಲಿ ಕೈಬಿಡದೆ ಕೆದಕುತ್ತಿರಬೇಕು. ಹಸಿರು ಹಳದಿಯಾಗುತ್ತದೆ, ಹುರಿದ ಧಾನ್ಯದ ವಾಸನೆ ಬರುತ್ತದೆ, ಹೊಟ್ಟು ಹಾರುತ್ತದೆ. ಎಂಟು ಹತ್ತು ನಿಮಿಷಗಳಲ್ಲಿ ಬೀಜದ ಒಳಬಿಸಿ ಸುಮಾರು 195 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಜೋಳ ಅರಳುವಂಥ ಸದ್ದಿನಿಂದ ಮೊದಲ ಸಿಡಿತ ಕೇಳಿಸುತ್ತದೆ. ಅನಂತರ ಸ್ವಲ್ಪ ಹೊತ್ತು ಮೌನ. ಆ ಮೇಲೆ ಮೆಲ್ಲನೆ ಚಿಟಿಚಿಟಿ ಎನ್ನುವ ಎರಡನೆಯ ಸಿಡಿತ ಆರಂಭವಾಗುತ್ತದೆ. ಹಾಲು ಬೆರೆಸಿ ಕುಡಿಯುವ ಕಾಫಿಗೆ ಈ ಎರಡನೆಯ ಸಿಡಿತದ ಹೊಸ್ತಿಲಲ್ಲಿ ಇಳಿಸುವುದು ಹದ. ಕೂಡಲೇ ಮೊರಕ್ಕೋ ಅಗಲವಾದ ತಟ್ಟೆಗೋ ಸುರಿದು ಗಾಳಿಯಾಡಿಸಿ ತಣಿಸದಿದ್ದರೆ ಬೀಜ ತನ್ನ ಬಿಸಿಯಿಂದಲೇ ಕರಿಕಾಗುತ್ತದೆ. ಒಂದು ದಿನ ಬಿಟ್ಟು ಪುಡಿಮಾಡಿದರೆ ಡಿಕಾಕ್ಷನ್ ಚೆನ್ನಾಗಿ ಇಳಿಯುತ್ತದೆ; ಹುರಿದ ಬೀಜ ಅಷ್ಟು ಹೊತ್ತು ಅನಿಲವನ್ನು ಹೊರಬಿಡುತ್ತಿರುತ್ತದೆ.

ಹೊಗೆಯ ವಿಷಯವನ್ನು ಮರೆಮಾಚುವಂತಿಲ್ಲ. ತೊಟ್ಟಿಮನೆಯ ಹಿತ್ತಿಲಿನಲ್ಲಿ ಕಾಣದಿದ್ದ ಹೊಗೆ ಬಹುಮಹಡಿಯ ಸೊಸೈಟಿಯಲ್ಲಿ ನೆರೆಮನೆಯವರನ್ನು ಬಾಗಿಲಿಗೆ ಕರೆತಂದೀತು. ಉಬ್ಬಸವಿರುವವರು, ಎಳೆಮಕ್ಕಳು ಮನೆಯಲ್ಲಿರುವಾಗ ಮುಚ್ಚಿದ ಅಡಿಗೆಮನೆಯಲ್ಲಿ ಹುರಿಯಲೇಬಾರದು. ಕಿಟಕಿ ತೆರೆದು, ಹೊಗೆ ಎಳೆಯುವ ಫ್ಯಾನು ಹಾಕಿ, ಸಣ್ಣ ಪ್ರಮಾಣದಲ್ಲಿ ಹುರಿಯಬೇಕು. ನೆರೆಯವರಿಗೆ ಒಮ್ಮೆ ಒಂದು ಲೋಟ ಕಾಫಿ ಕೊಟ್ಟು ವಿಷಯ ತಿಳಿಸಿಟ್ಟರೆ ಮುಂದೆ ಆಕ್ಷೇಪಣೆ ಬರುವುದು ಅಪರೂಪ. ಚಹದ ನಾಡಿನಲ್ಲಿ ಈ ಪರಿಚಯವೂ ಒಂದು ಸ್ನೇಹವೇ.

ಚಿಕೋರಿಯ ಲೆಕ್ಕ

ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ತೂಕದಲ್ಲಿ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ಕಾನೂನು ಹೇಳುತ್ತದೆ. ಎಂದರೆ ನೂರಕ್ಕೆ 49ರಷ್ಟು ಚಿಕೋರಿ ತುಂಬುವುದು ನ್ಯಾಯಸಮ್ಮತವೇ. ಚಿಕೋರಿ ವಿಷವಲ್ಲ; ಅದೊಂದು ಗಿಡದ ಬೇರು, ಕೆಫೀನಿಲ್ಲದ್ದು, ಗುಜರಾತಿನ ಜಾಮನಗರ ಸೀಮೆಯಲ್ಲಿಯೇ ಬೆಳೆಯುವಂಥದು. ಇಲ್ಲಿ ಬೆಳೆದ ಬೇರು ದಕ್ಷಿಣಕ್ಕೆ ಹೋಗಿ, ಕಾಫಿಯೆಂಬ ಹೆಸರಿನಲ್ಲಿ ಕಾಫಿಯ ಬೆಲೆಗೆ ಇಲ್ಲಿಗೇ ಹಿಂದಿರುಗುವುದುಂಟು! ಚಿಕೋರಿಯ ರುಚಿ ಬೇಕಾದವರು ಅದನ್ನು ಬೇರೆಯಾಗಿಯೇ ಕೊಂಡು ನೂರಕ್ಕೆ 10ರಷ್ಟು ತಾವೇ ಬೆರೆಸಿಕೊಳ್ಳಬಹುದು. ಬೀಜ ಕೊಳ್ಳುವವರಿಗೆ ತಾವು ಕುಡಿಯುತ್ತಿರುವುದು ಏನೆಂಬುದು ಗೊತ್ತಿರುತ್ತದೆ. ಈ ಪದ್ಧತಿಯ ದೊಡ್ಡ ಲಾಭ ಅದೇ.

ಆರೋಗ್ಯದ ಮಿತಿಗಳು

ಮನೆಯಲ್ಲಿ ಹುರಿದ ಮಾತ್ರಕ್ಕೆ ಕಾಫಿ ಔಷಧಿಯಾಗುವುದಿಲ್ಲ. ಕಪ್ಪಾಗಿ ಹುರಿದರೆ ಕೆಫೀನು ಸುಟ್ಟುಹೋಗುತ್ತದೆಂಬ ನಂಬಿಕೆ ಹುಸಿ. ಹುರಿಯುವುದರಿಂದ ಕೆಫೀನು ಹೇಳಿಕೊಳ್ಳುವಷ್ಟು ಕಡಿಮೆಯಾಗದು. ಅದನ್ನು ನಿರ್ಧರಿಸುವುದು ಬೀಜದ ಜಾತಿ: ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ. ನಿದ್ರೆ ಬಾರದವರು, ಎದೆಬಡಿತ ಹೆಚ್ಚುವವರು ಬೀಜ ಕೊಳ್ಳುವಾಗಲೇ ಇದನ್ನು ನೆನೆಯಬೇಕು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಸೂಚಿಗಳ ಪ್ರಕಾರ 150 ಮಿಲಿಲೀಟರು ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟೆಂಟ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ ಕೆಫೀನಿರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಈ ಲೆಕ್ಕದಲ್ಲಿ ಎರಡು, ಹೆಚ್ಚೆಂದರೆ ಮೂರು ಸಣ್ಣ ಲೋಟಗಳಿಗೆ ನಿಲ್ಲಿಸುವುದು ಉಚಿತ. ಗರ್ಭಿಣಿಯರು ಇನ್ನೂ ಕಡಿಮೆ ಮಾಡಿ, ವೈದ್ಯರ ಸಲಹೆ ಪಡೆಯಬೇಕು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ಅನಂತರ ಕಾಫಿ, ಚಹಗಳನ್ನು ವರ್ಜಿಸಬೇಕೆಂದೂ ಆ ಸಂಸ್ಥೆ ಹೇಳುತ್ತದೆ. ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣವು ದೇಹಕ್ಕೆ ಸೇರದಂತೆ ಅವು ತಡೆಯುವುದೇ ಇದಕ್ಕೆ ಕಾರಣ. ತಿಂಡಿಯ ತಟ್ಟೆಯ ಪಕ್ಕದಲ್ಲೇ ಲೋಟವಿಡುವ ಕನ್ನಡಿಗರ ಅಭ್ಯಾಸಕ್ಕೆ, ಅದರಲ್ಲೂ ರಕ್ತಹೀನತೆಯಿರುವ ಹೆಂಗಸರಿಗೆ, ಈ ಎಚ್ಚರಿಕೆ ಮುಖ್ಯವಾದುದು. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಗದದ ಫಿಲ್ಟರು ಅದನ್ನು ಹೆಚ್ಚಾಗಿ ತಡೆಯುತ್ತದೆ, ಹಿತ್ತಾಳೆ ಅಥವಾ ಸ್ಟೀಲಿನ ಫಿಲ್ಟರು ಅಷ್ಟು ತಡೆಯದು. ಕೊಲೆಸ್ಟರಾಲ್ ಹೆಚ್ಚಿರುವವರು ಲೋಟಗಳನ್ನು ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಕಾಫಿಯನ್ನು ಸಂಶಯಿತರ ಪಟ್ಟಿಯಿಂದ ಬಿಟ್ಟಿತು. ಆದರೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವು ಅನ್ನನಾಳಕ್ಕೆ ಅಪಾಯಕರವಾಗಬಹುದೆಂದು ಎಚ್ಚರಿಸಿತು. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕುಡಿಯುವ ಹಳೆಯ ರೂಢಿ ಈ ದೃಷ್ಟಿಯಿಂದ ವಿವೇಕದ್ದಾಗಿತ್ತು.

ಹಸಿ ಬೀಜದ ಮಾತು ಬಂದಾಗ ಇನ್ನೊಂದು ಮೋಸವನ್ನೂ ಹೇಳಬೇಕು. ‘ಗ್ರೀನ್ ಕಾಫಿ’ ಎಂಬ ಹೆಸರಿನಲ್ಲಿ ಹುರಿಯದ ಬೀಜದ ಪುಡಿ, ಮಾತ್ರೆಗಳನ್ನು ಮೈ ಕರಗಿಸುವ ಮದ್ದೆಂದು ಮಾರಲಾಗುತ್ತಿದೆ. ಈ ಪ್ರಚಾರಕ್ಕೆ ಬಹಳ ಬಲ ಕೊಟ್ಟದ್ದು ಭಾರತದಲ್ಲಿ ಕೇವಲ 16 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಅದರ ಅಂಕಿಗಳು ನಂಬಲರ್ಹವಲ್ಲವೆಂದು 2014ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಹಸಿ ಬೀಜವನ್ನು ಕೊಳ್ಳಬೇಕಾದದ್ದು ಹುರಿಯುವುದಕ್ಕೆ, ತೂಕ ಇಳಿಸುವುದಕ್ಕಲ್ಲ.

ಖರ್ಚು ಮತ್ತು ಬೆಳೆಗಾರ

ಹುರಿದಾಗ ಬೀಜದ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುವುದರಿಂದ ಒಂದು ಕಿಲೋ ಹಸಿ ಬೀಜದಿಂದ 800ರಿಂದ 850 ಗ್ರಾಂ ಪುಡಿ ಸಿಕ್ಕುತ್ತದೆ. ಬೆಲೆ ಹೋಲಿಸುವಾಗ ಈ ಕಳೆತವನ್ನು ಸೇರಿಸಿಯೇ ಲೆಕ್ಕಹಾಕಬೇಕು. ಹುರಿಯದ ಬೀಜಕ್ಕೆ ಜಿ.ಎಸ್.ಟಿ. ಇಲ್ಲ, ಹುರಿದದ್ದಕ್ಕೆ ಇದೆ ಎಂಬುದೂ ನೆನಪಿರಲಿ.

ಹಿಂದೆ 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೇ ಸೇರಬೇಕಾಗಿತ್ತು. ತೋಟದವನು ತನ್ನ ಬೀಜವನ್ನು ಇಷ್ಟಬಂದವರಿಗೆ ಮಾರುವಂತಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ಕಟ್ಟು 1996ರಲ್ಲಿ ಪೂರ್ತಿಯಾಗಿ ಹೋಯಿತು. ಇಂದು ಕೊಡಗಿನ ಸಣ್ಣ ಬೆಳೆಗಾರನಿಂದ ಅಹಮದಾಬಾದಿನ ಗೃಹಸ್ಥನು ನೇರವಾಗಿ ಬೀಜ ತರಿಸಿಕೊಳ್ಳಲು ಅಡ್ಡಿಯಿಲ್ಲ. ಬೆಳೆಗಾರನು ಇಷ್ಟು ದಿನ ನಂಬಿರುವುದು ವಿದೇಶದ ಪೇಟೆಯನ್ನು. 2001ರ ಸುಮಾರಿಗೆ ಅದು ಕುಸಿದಾಗ ಮಲೆನಾಡಿನ ಸಾಲಗಾರ ತೋಟಗಳ ಸ್ಥಿತಿ ಕಂಡವರು ಮರೆತಿಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರು ಮೀರಿತಾದರೂ ಬ್ರೆಜಿಲಿನ ಮಳೆಯನ್ನು ನೆಚ್ಚಿದ ಬೆಲೆ ಎಂದಿಗೂ ಸ್ಥಿರವಲ್ಲ. ಏರಿಳಿತವೇನೇ ಇರಲಿ, ಪ್ರತಿವರ್ಷ ತಪ್ಪದೆ ಕೊಳ್ಳುವ ದೇಶದೊಳಗಿನ ಗಿರಾಕಿಯೇ ಬೆಳೆಗಾರನಿಗೆ ನಿಜವಾದ ಆಸರೆ.

ಇದು ಒಂಟಿ ಮನೆಯಿಂದ ಆಗುವ ಕೆಲಸವಲ್ಲ, ಸಂಘಗಳು ಕೈಹಾಕಬೇಕಾದದ್ದು. ನಾಲ್ವರ ಸಂಸಾರಕ್ಕೆ ದಿನಕ್ಕೆ 40 ಗ್ರಾಂ ಪುಡಿಯೆಂದರೆ 5 ಕಿಲೋ ಹಸಿ ಬೀಜ ಸುಮಾರು ನೂರು ದಿನ ಬರುತ್ತದೆ. ಮೂವತ್ತು ಮನೆಗಳು ಸೇರಿದರೆ 50 ಕಿಲೋಗಳ ಮೂರು ಮೂಟೆ. ಯುಗಾದಿಯ ಹೊತ್ತಿಗೊಮ್ಮೆ, ಮಳೆ ಕಳೆದು ರಾಜ್ಯೋತ್ಸವದ ಹೊತ್ತಿಗೊಮ್ಮೆ ಹೀಗೆ ತರಿಸಿ ಹಂಚುವುದು ಅಹಮದಾಬಾದು, ವಡೋದರಾ, ಸೂರತ್ತುಗಳ ಕನ್ನಡಿಗರಿಗೆ ಅಸಾಧ್ಯವೇನಲ್ಲ. ಹುರಿಯುವ ಹದವನ್ನು ಬಲ್ಲ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಹಂಚುವ ದಿನ ಅವರನ್ನೇ ಕೂರಿಸಿ, ಗುಜರಾತಿನಲ್ಲಿ ಹುಟ್ಟಿ ಬೆಳೆದ ಮಕ್ಕಳ ಕೈಗೆ ಸೌಟು ಕೊಟ್ಟು, ಎರಡನೆಯ ಸಿಡಿತವನ್ನು ಕಿವಿಯಿಂದ ಗುರುತಿಸುವುದನ್ನು ಕಲಿಸಬೇಕು. ಆ ಹದವು ಪುಸ್ತಕದಲ್ಲಿ ಬರೆದಿಟ್ಟರೆ ಉಳಿಯುವಂಥದಲ್ಲ. ಬಲ್ಲವರು ಇರುವಾಗಲೇ ಕಲಿಯಬೇಕು.